ರಿಫಾತನ ಎಡಗಾಲು

ಅಲೆಕ್ಸಾಂಡ್ರಿಯಾದ ಮುಹರ್ರಮ್ ಬೇ ಕೇರಿಯಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುವ ಮೇಸ್ತ್ರಿ, ಉಸ್ತಾ ರಿಫಾತನಿಗೆ ಅಂದು ಬೆಳಗಿನಿಂದ ಒಂದು ತೂತೂ ನೆಟ್ಟಗೆ ಬಿದ್ದಿರಲಿಲ್ಲ. ದುಂಡಗೆ ಬೀಳಬೇಕಾದದ್ದು ಹುಣಸೆ ಬೀಜದಂತೆ ಸೊಟ್ಟಗಾಗುತ್ತಿತ್ತು. ತಿರುಪು ಹಾಕಿದರೆ ಲೊಡಲೊಡ ಅಲ್ಲಾಡುತ್ತಿತ್ತು. ಚೌಕಟ್ಟಿನ ಮೂರು ಪಟ್ಟಿಗಳು ಆಗಲೇ ಮೂಲೆ ಸೇರಿದ್ದವು. ಕಂಚಿನ ಬಣ್ಣದ ಪಟ್ಟಿ ಇನ್ನೊಂದೇ ಉಳಿದಿತ್ತು, ಆ ಬಣ್ಣ ಪೇಟೆಗೆ ಬರುವುದು ನಿಂತು ಎರಡು ವರ್ಷವಾಗಿತ್ತು. ಡಿಸೆಂಬರಿನಲ್ಲಿ ಸಮುದ್ರದಿಂದ ಬರುವ ‘ಕಾಸಿಮ್’ ಬಿರುಗಾಳಿ ಏಳುವ ಮೊದಲು ನಾಲ್ಕನೇ ಮಹಡಿಯ ಎವಲೀನಮ್ಮನ ಬಾಲ್ಕನಿಗೆ ಕಿಟಕಿ ಕೂರಿಸಿ ಮುಚ್ಚಿಕೊಡುತ್ತೇನೆಂದು ಅವನು ಮಾತು ಕೊಟ್ಟಿದ್ದ.

ಮೊದಲು ಅವನು ಬೈರಿಗೆಯ ಮೊನೆಯನ್ನು ಬೈದ. ಅದರ ಸುರುಳಿಯಲ್ಲಿ ಅಲ್ಯೂಮಿನಿಯಂ ಮೆತ್ತಿಕೊಂಡಿದ್ದೂ ನಿಜ. ಹೊಸ ಮೊನೆ ಹಾಕಿದ. ಆಮೇಲೆ ಕೊರೆಯುವಾಗ ಮೊನೆಗೆ ಹಾಕುವ ಸೀಮೆಎಣ್ಣೆಗೆ ನೀರು ಬೆರೆಸಿದ್ದಾರೆಂದು ಅದನ್ನೂ ಬದಲಿಸಿದ. ಮೆತ್ತುವುದು ನಿಂತಿತು, ತೂತು ಮಾತ್ರ ಸೊಟ್ಟಗೇ ಬಂತು. ಗುರುತಿನ ಮೇಲೆ ಮೊಳೆಯಿಂದ ಆಳವಾಗಿ ಗುಂಡಿ ಹೊಡೆದ, ವೇಗ ಇಳಿಸಿದ. ಶುರುವಾಗುವಾಗ ಸರಿಯಿದ್ದದ್ದು ಅರ್ಧಕ್ಕೆ ಹೋಗಿ ವಾಲುತ್ತಿತ್ತು.

"ಮೊನೆ ಹೊಸದು, ಎಣ್ಣೆ ಹೊಸದು. ಹಳೇದು ಅಂತ ಉಳಿದಿರೋದು ನೀನೊಬ್ನೇ ನೋಡು, ಉಸ್ತಾ," ಎಂದ ಶೆಹಾತಾ. ಅಂಗಡಿಯಲ್ಲಿ ಅವನು ಪಾಲುದಾರ. ಮೂವತ್ತು ವರ್ಷದಿಂದ ಇವನನ್ನು ಕೆಣಕುವುದೇ ಅವನ ಉಪಕಸುಬು.

"ಮಾಲೇ ಸರಿ ಇಲ್ಲ ಕಣೋ. ಹಳೇ ಪಾತ್ರೆ ಕರಗಿಸಿ ಮಾಡಿರ್ತಾರೆ. ಬೆಣ್ಣೆ ಇದ್ದಂಗಿದೆ."

"ಹಂಗಾದ್ರೆ ಬೆಂಚಿನ ಇಕ್ಕಳಕ್ಕೆ ಕಚ್ಚಿಸಿ ಹಾಕು."

"ಇಕ್ಕಳ ಕಲಿಯೋರಿಗೆ."

"ಸರಿ, ಕಲಿ ಮತ್ತೆ."

ರಿಫಾತ್ ಮೂವತ್ತೆಂಟು ವರ್ಷವೂ ಪಟ್ಟಿಯನ್ನು ನೆಲದ ಮೇಲಿಟ್ಟು ಎಡಗಾಲಲ್ಲಿ ತುಳಿದು ಹಿಡಿದೇ ಕೊರೆದವನು. ಆ ಕೇರಿಯ ಉಸ್ತಾಗಳೆಲ್ಲ ಹಾಗೆಯೇ. ಬೆಂಚಿಗೆ ಬಿಗಿದ ಕಬ್ಬಿಣದ ಇಕ್ಕಳ ಕಂಡರೆ ಅವರಿಗೆ ತಾತ್ಸಾರ. ಅವನ ಎಡಗಾಲಿನ ಚಪ್ಪಲಿಯ ಅಟ್ಟೆಯಲ್ಲಿ ಪಟ್ಟಿ ಕೂತು ಕೂತು ಒಂದು ಕಾಲುವೆಯೇ ಬಿದ್ದಿತ್ತು. ಬೇಸಿಗೆಯಿಂದ ಆ ಮೊಣಕಾಲು ಮೈಭಾರ ಹಾಕಿದಾಗಲೆಲ್ಲ ನಡುಗುತ್ತಿತ್ತು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ತಪ್ಪು ಮೊನೆಯದಾದರೆ ಇನ್ನೊಂದು ಮೊನೆ ಸಿಗುತ್ತದೆ. ಕಾಲಿನದಾದರೆ ಅದನ್ನು ಯಾವ ಅಂಗಡಿಯಲ್ಲಿ ಕೇಳುವುದು? ಅವನಿಗೆ ಬೆಳಗಿನಿಂದ ಇದೇ ಭಯ.

ಕೊನೆಯ ಪಟ್ಟಿಯನ್ನು ಅವನು ಇಕ್ಕಳಕ್ಕೆ ಕಚ್ಚಿಸಿದ. ಆರು ಗುರುತು. ಮೊದಲನೆಯ ತೂತು ದುಂಡಗೆ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದಕ್ಕೆ ಮೊನೆ ಇಟ್ಟ. ಎವಲೀನಮ್ಮನ ಬಾಲ್ಕನಿ ಹಾಳಾದರೂ ಹಾಳಾಗಲಿ, ಒಂದಾದರೂ ಸೊಟ್ಟಗಾಗಲಿ, ತಪ್ಪು ಮಾಲಿನದೇ ಎಂದಾಗಲಿ ಎಂದು ಬೇಡಿಕೊಂಡ. ಆರೂ ದುಂಡಗೆ ಬಿದ್ದವು.

ಶೆಹಾತಾ ತಿರುಪು ಹಾಕಿ ನೋಡಿದ. ಅಲ್ಲಾಡಲಿಲ್ಲ. ಕೆಣಕುವ ಮಾತೊಂದು ಬರುತ್ತದೆಂದು ರಿಫಾತ್ ಕಾದ.

"ಮೊಣಕಾಲು ಯಾವಾಗಿಂದ?" ಎಂದ ಶೆಹಾತಾ.

"ಬೇಸಿಗೆಯಿಂದ."

"ನಾಳೆ ಎವಲೀನಮ್ಮನ ಬಾಲ್ಕನಿಲಿ ತೂತು ನಾನ್ ಹಾಕ್ತೀನಿ. ನೀನ್ ಅಳತೆ ಹೇಳು."

ರಿಫಾತ್ ಸರಿಯೆಂದ. ತುಂಬ ದಣಿದಿದ್ದ. ಬೈರಿಗೆಗೆ ಅಂಟಿದ್ದ ಚೂರುಗಳನ್ನು ಒರೆಸಿ, ಹಿಡಿ ಶೆಹಾತಾನ ಕಡೆ ಬರುವಂತೆ ತಿರುಗಿಸಿ ಬೆಂಚಿನ ಮೇಲಿಟ್ಟ.