ಸೀಟಿ ಮೇಡಂ ಮತ್ತು ಮೈದಾನದ ಆವಿಗೆ

ಆ ಹಳೆಯ ಕಾಲೇಜಿನಲ್ಲಿ ಅವರ ನಿಜವಾದ ಹೆಸರು ಗೊತ್ತಿದ್ದದ್ದು ಸಂಬಳದ ಗುಮಾಸ್ತರಿಗೆ ಮಾತ್ರ. ಉಳಿದವರಿಗೆಲ್ಲ ಅವರು ಸೀಟಿ ಮೇಡಂ. ಹುಡುಗಿಯರಿಗೆ ಓಟ ಕಲಿಸುತ್ತಿದ್ದರು. ಕೊರಳಲ್ಲಿ ಸೀಟಿ ಸದಾ ತೂಗುತ್ತಿದ್ದರೂ ಊದಿದ್ದು ಕಡಿಮೆ, ಗಂಟಲೇ ಸಾಕಾಗುತ್ತಿತ್ತು. ಅವರು ಮೈದಾನದಲ್ಲಿ ಕೂಗಿದರೆ ಮಹಡಿಯ ಗಣಿತದ ತರಗತಿಯಲ್ಲಿ ತೂಕಡಿಸುತ್ತಿದ್ದವರೂ ನೆಟ್ಟಗೆ ಕೂರುತ್ತಿದ್ದರು.

ಮೈದಾನವೆಂದರೆ ಹೆಸರಿಗಷ್ಟೇ. ಕಲ್ಲು, ಹಳ್ಳ, ಒಂದು ಮೂಲೆಯಲ್ಲಿ ಮುರಿದ ಬೆಂಚುಗಳ ರಾಶಿ. ಸುಣ್ಣದ ಗೆರೆ ಎಳೆದರೆ ಮರುದಿನ ಮೇಷ್ಟ್ರುಗಳ ಸ್ಕೂಟರುಗಳು ಅಳಿಸಿಹಾಕುತ್ತಿದ್ದವು. ಪೂರ್ತಿ ಅಳತೆಯ ಟ್ರ್ಯಾಕ್ ಬೇಕು, ದೊಡ್ಡ ಪಂದ್ಯ ಇಲ್ಲೇ ನಡೆಯಬೇಕು ಎಂದು ಕೆಲಸಕ್ಕೆ ಸೇರಿದಾಗಿನಿಂದ ಅವರು ಕೇಳುತ್ತಲೇ ಇದ್ದರು. ಪ್ರಾಂಶುಪಾಲರಾಗಿ ಬಂದವರೆಲ್ಲ "ನೋಡೋಣ" ಎಂದು ಹೇಳಿಯೇ ನಿವೃತ್ತರಾದರು. ಕೊನೆಗೆ ಬಂದ ಮೆತ್ತನೆ ಮಾತಿನವರೊಬ್ಬರು ಹೂಂ ಅಂದರು. ಅಷ್ಟರಲ್ಲಿ ಮೇಡಂ ಅವರ ನಿವೃತ್ತಿಯೇ ಹತ್ತಿರ ಬಂದಿತ್ತು.

ಸುದ್ದಿ ಹೇಳಲು ಅವರು ನೇರ ಗಂಡನ ಗಡಿಯಾರ ರಿಪೇರಿ ಅಂಗಡಿಗೆ ಹೋದರು. ಗಂಡ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರ ತೆಗೆಯದೆಯೇ, "ಇನ್ಮೇಲೆ ಮನೇಲಿ ಬೇರೆ ಮಾತೂ ಕೇಳಬಹುದು ಅನ್ನು," ಎಂದರು.

ಕಾಲೇಜಿಗೆ ರಜೆಯಿದ್ದ ದಿನ ನೆಲ ಸಮ ಮಾಡಲು ಜೆಸಿಬಿ ಬಂತು. ಮೈದಾನದಲ್ಲಿದ್ದದ್ದು ಅದರ ಚಾಲಕ ಮತ್ತು ಮೇಡಂ ಇಬ್ಬರೇ. ಯಂತ್ರದ ಬಕೆಟ್ಟು ಗರ್ರೆಂದು ಯಾವುದಕ್ಕೋ ತಾಗಿತು. ಮಣ್ಣು ಸರಿಸಿ ನೋಡಿದರೆ ಸುಟ್ಟ ಇಟ್ಟಿಗೆಯ ದುಂಡು ಗೋಡೆ, ಅದರೊಳಗೆ ಬೋರಲು ಜೋಡಿಸಿಟ್ಟ ಮಡಕೆಗಳು. ಮಡಕೆ ಸುಡುವ ಹಳೆಯ ಆವಿಗೆ.

ಚಾಲಕ ಕೆಳಗಿಳಿದು ಬಗ್ಗಿ ನೋಡಿ ದನಿ ತಗ್ಗಿಸಿದ. "ಮೇಡಂ, ಇದು ತುಂಬ ಹಳೇ ಕಾಲದ್ದು. ಹೇಳಿದ್ರೆ ನಿಮ್ಮ ಕೆಲಸ ನಿಂತುಹೋಗುತ್ತೆ. ಒಂದ್ಸಲ ಬಕೆಟ್ ಆಡಿಸ್ತೀನಿ, ಮುಚ್ಚಿಹೋಗುತ್ತೆ. ನೀವೂ ನೋಡಿಲ್ಲ, ನಾನೂ ನೋಡಿಲ್ಲ."

ಮೇಡಂ ತಕ್ಷಣ ಬೇಡ ಅನ್ನಲಿಲ್ಲ. ಹಳ್ಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದರು. ಮಡಕೆಗಳ ಹೆಗಲ ಮೇಲೆ ಯಾರೋ ಉಗುರಿನಿಂದ ಸಾಲಾಗಿ ಗೀರಿದ್ದರು. ಒಂದರ ಮೇಲೆ ಸಾಲು ಸೊಟ್ಟಗಾಗಿತ್ತು. ಅವರು ಎದ್ದು ಸೀರೆಯ ಮಣ್ಣು ಕೊಡವಿದರು.

"ಯಾರೋ ಕೂತು ಮಾಡಿದ್ದನ್ನ ನಾನು ನಿಂತು ಒಡೆಸಲಾ? ಇಂಜಿನ್ ಆರಿಸಪ್ಪ."

ಪ್ರಾಂಶುಪಾಲರಿಗೆ ಅವರೇ ಫೋನು ಮಾಡಿದರು. ವಾರದೊಳಗೆ ಪುರಾತತ್ವ ಇಲಾಖೆಯ ಅಧಿಕಾರಿ ಬಂದರು. ತಲೆಗೆ ಟವೆಲು ಸುತ್ತಿಕೊಂಡು, ನೆಲದ ಮೇಲೇ ಕೂತು ಚಹಾ ಕುಡಿಯುವ ಹೆಂಗಸು. ಮೈದಾನದ ಸುತ್ತ ಹಗ್ಗ ಬಿತ್ತು. ಟ್ರ್ಯಾಕಿನ ಕೆಲಸ ನಿಂತಿತು.

ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದ ಹುಡುಗಿ ಮುಖ ಊದಿಸಿಕೊಂಡು ಬಂದಳು. "ನೀವು ಸುಮ್ನಿದ್ದಿದ್ರೆ ಟ್ರ್ಯಾಕ್ ಆಗ್ತಿತ್ತು ಮೇಡಂ."

"ಆಗ್ತಿತ್ತು. ಆದ್ರೆ ನಾನು ಸುಮ್ನಿರೋಳಲ್ಲ ಅಂತ ಇಡೀ ಕಾಲೇಜಿಗೇ ಗೊತ್ತಲ್ಲ."

ಹುಡುಗಿಯ ಮುಂದೆ ಹೀಗೆ ಅಂದವರು ಮನೆಯಲ್ಲಿ ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು. "ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ನೋಡಿ," ಎಂದರು ಗಂಡನಿಗೆ.

ಗಂಡ ತಮ್ಮ ಊಟ ಮುಗಿಸಿ ಹೇಳಿದರು: "ನಿಂತ ಗಡಿಯಾರ ತಂದವರು ಯಾರೂ ಅಳ್ತಾ ಬರಲ್ಲ. ರಿಪೇರಿ ಆಗುತ್ತಾ ಅಂತ ಕೇಳ್ತಾರೆ."

ಮರುದಿನ ಬೆಳಿಗ್ಗೆ ಮೇಡಂ ಹಗ್ಗದಾಚೆ ನಿಂತು ಅಧಿಕಾರಿಯನ್ನು ಕೇಳಿದರು. "ನಿಮಗೆ ಎಷ್ಟು ಜಾಗ ಬೇಕಾಗುತ್ತೆ?"

"ಅಗೆದ ಮೇಲೇ ಗೊತ್ತಾಗೋದು. ನಮ್ಮ ಹತ್ರ ಜನ ಇಲ್ಲ, ನಿಧಾನ ಆಗುತ್ತೆ."

"ಜನ ನಾನು ಕೊಡ್ತೀನಿ."

ಹುಡುಗಿಯರು ಓಟದ ಬದಲು ಮಣ್ಣಿನ ಬುಟ್ಟಿ ಹೊತ್ತರು, ಜರಡಿ ಹಿಡಿದರು. ಮುಖ ಊದಿಸಿಕೊಂಡಿದ್ದವಳಿಗೇ ಮೊದಲು ಒಂದು ಸುಟ್ಟ ಮಣ್ಣಿನ ಮಣಿ ಸಿಕ್ಕಿತು. ಅಂದಿನಿಂದ ಅವಳನ್ನು ಜರಡಿಯಿಂದ ಎಬ್ಬಿಸುವುದೇ ಕಷ್ಟವಾಯಿತು. ಒಂದು ದಿನ ಅಧಿಕಾರಿ ಒಂದಕ್ಕೊಂದು ಅಂಟಿಹೋದ ಮಡಕೆಗಳನ್ನು ಮೇಡಂಗೆ ತೋರಿಸಿದರು. ಸುಡುವಾಗ ಆವಿಗೆಯ ಚಾವಣಿ ಕುಸಿದು ಅಷ್ಟೂ ಸರಕು ಹಾಳಾಗಿತ್ತಂತೆ. ಕುಂಬಾರ ಅದನ್ನು ಹಾಗೇ ಬಿಟ್ಟು ಪಕ್ಕದಲ್ಲೇ ಇನ್ನೊಂದು ಆವಿಗೆ ಕಟ್ಟಿಕೊಂಡಿದ್ದ. ಅದರ ಬುಡವೂ ಸಿಕ್ಕಿತ್ತು.

"ಗಟ್ಟಿ ಆಸಾಮಿ," ಎಂದರು ಮೇಡಂ.

ಬುಟ್ಟಿಗಳು ಓಡಾಡುವುದನ್ನು ನೋಡುತ್ತಿದ್ದಾಗಲೇ ಅವರಿಗೆ ಹೊಳೆಯಿತು: ಟ್ರ್ಯಾಕ್ ಅಂದರೆ ಬಳೆಯ ಹಾಗೆ, ನಡುವೆ ಹೇಗೂ ಖಾಲಿ. ಬಳೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಆವಿಗೆಗಳು ಒಳಗೇ ಉಳಿಯುತ್ತವೆ. ಆದರೆ ಪಕ್ಕದಲ್ಲಿದ್ದದ್ದು ವಾಹನ ನಿಲ್ಲಿಸುವ ಜಾಗ ಮತ್ತು ಪ್ರಾಂಶುಪಾಲರ ಗುಲಾಬಿ ತೋಟ.

ಕಾಲೇಜಿನ ಸಭೆಯಲ್ಲಿ ಸ್ಕೂಟರಿನ ಮೇಷ್ಟ್ರುಗಳೆಲ್ಲ ಒಟ್ಟಿಗೇ ಎದ್ದರು. ಮೇಡಂ ಅವರನ್ನು ಮಾತಾಡಲು ಬಿಟ್ಟು, ದಣಿದ ಮೇಲೆ ಕೇಳಿದರು: "ಗೇಟಿಂದ ತರಗತಿಗೆ ನಡೆಯೋಕೆ ಆಗದವರು ಕೈ ಎತ್ತಿ. ನಾಳೆಯಿಂದ ನನ್ನ ಹತ್ರ ಅಭ್ಯಾಸಕ್ಕೆ ಬನ್ನಿ." ಒಂದು ಕೈಯೂ ಏಳಲಿಲ್ಲ. ಪ್ರಾಂಶುಪಾಲರು ನಕ್ಕು, "ಗುಲಾಬಿ ಬೇರೆ ಕಡೆ ನೆಟ್ಟರೂ ಚಿಗುರುತ್ತೆ," ಎಂದರು.

ಟ್ರ್ಯಾಕ್ ಹಾದುಹೋಗುವಲ್ಲೆಲ್ಲ ಅಧಿಕಾರಿ ಪರೀಕ್ಷೆಗೆ ಗುಂಡಿ ತೋಡಿಸಿದರು. ಬಹುತೇಕ ಬರಿ ಮಣ್ಣು. ಕೊನೆಯ ತಿರುವಿನಲ್ಲಿ ಮಾತ್ರ ಮತ್ತೆ ಸುಟ್ಟ ಇಟ್ಟಿಗೆ ಕಂಡಿತು. ಅಲ್ಲಿಗೆ ಬಳೆ ಕಿರಿದಾಯಿತು. ಪೂರ್ತಿ ಅಳತೆ ಇಲ್ಲದ ಮೇಲೆ ದೊಡ್ಡ ಪಂದ್ಯದ ಆಸೆ ಬಿಡಬೇಕಾಯಿತು. ಮೇಡಂ ಆ ತಿರುವಿನ ತನಕ ಒಬ್ಬರೇ ನಡೆದುಹೋದರು. ತಿರುಗಿ ಬಂದು, "ಗಿಡ್ಡ ಆದ್ರೂ ನಮ್ದೇ. ಸುಣ್ಣ ತನ್ನಿ," ಎಂದರು.

ಈಗ ಅವರು ನಿವೃತ್ತರು. ಆದರೂ ಬೆಳಿಗ್ಗೆ ಬರುತ್ತಾರೆ. ಜರಡಿ ಹಿಡಿದಿದ್ದ ಹುಡುಗಿ ಅಧಿಕಾರಿಯ ಕೈಕೆಳಗೆ ಕೆಲಸ ಕಲಿಯುತ್ತಿದ್ದಾಳೆ. ರಜೆಗೆ ಬಂದರೆ ಬರಿಗಾಲಲ್ಲಿ ಎರಡು ಸುತ್ತು ಓಡಿಯೇ ಹೋಗುವುದು. ಆವಿಗೆಗಳ ಮೇಲೆ ಚಾವಣಿ ಎದ್ದಿದೆ, ನೋಡಲು ಜನ ಬರುತ್ತಾರೆ. ಅವರು ಕತ್ತು ಚಾಚಿಕೊಂಡು ಟ್ರ್ಯಾಕಿಗೆ ಕಾಲಿಟ್ಟರೆ ಮೇಡಂ ಕೂಗುತ್ತಾರೆ:

"ಎರಡೂ ಕಡೆ ನೋಡಿ ದಾಟ್ರಪ್ಪ. ಮಡಕೆ ಎಲ್ಲಿಗೂ ಓಡಿಹೋಗಲ್ಲ, ನಮ್ಮ ಹುಡುಗಿಯರು ಓಡಿಬರ್ತಾ ಇದಾರೆ."