ಮಂಗಳಕ್ಕೆ ಹೋದದ್ದು ನನ್ನ ಹೆಸರು

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಆ ಗಡಗಡ ಸದ್ದು ಈಗಲೂ ನನ್ನ ಕಿವಿಯಲ್ಲಿದೆ, ಗೌರಕ್ಕ. ಅದರ ಜೊತೆಗೇ ಹೇಳಿಬಿಡುತ್ತೇನೆ — ನಿಮ್ಮ ಯಜಮಾನರ ಹೆಸರು ಮಂಗಳ ಗ್ರಹದ ಮೇಲೆ ಇಲ್ಲ. ಅಲ್ಲಿರುವುದು ನಿಮ್ಮ ಓರಗಿತ್ತಿಯಾದ ನನ್ನದು.

ಭಾವನವರು ತೀರಿಕೊಂಡ ವರ್ಷದ ಕೊಯ್ಲು. ಹಿಂದೆಂದೋ ಇದ್ದಿರಬಹುದಾದ ಜೀವದ ಗುರುತು ಹುಡುಕಲು ಮಂಗಳಕ್ಕೆ ರೋವರ್ ಹೋಗುತ್ತದೆ, ಕೇಳಿದವರ ಹೆಸರನ್ನೆಲ್ಲ ಒಂದು ಚಿಪ್ ಮೇಲೆ ಕೊರೆದು ಒಯ್ಯುತ್ತದೆ ಎಂದು ಪೇಪರ್ ಓದಿ ಹೇಳಿದವಳು ನಾನೇ. "ಇವರದ್ದು ಕಳ್ಸೇ," ಅಂದಿರಿ. ಬದುಕಿದ್ದಾಗ ಕಣದಲ್ಲಿ ಕಾಫಿ ಹರವುತ್ತ ಭಾವ, "ಅಲ್ಲಿ ನೀರಿತ್ತಂತೆ ಮಾರಾಯ್ತಿ, ನೀರಿದ್ದಲ್ಲಿ ಏನಾದ್ರೂ ಹುಟ್ಟದೆ ಇರತ್ತಾ?" ಅನ್ನುತ್ತಿದ್ದರಲ್ಲ —

ಹೆಸರು ಕಳಿಸಲು ಇದ್ದ ಕಡೇ ದಿನ ಕಂಪ್ಯೂಟರ್ ಮುಂದೆ ಕೂತೆವು. "ಹೆಸರು ಹೇಳಿ," ಅಂದೆ. ನೀವು ಗಂಡನ ಹೆಸರನ್ನು ಬಾಯಲ್ಲಿ ಆಡಿದವರೇ ಅಲ್ಲ. ನನಗೆ ಆ ಹೆಸರು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಾನ್ವೆಂಟಿನಲ್ಲಿ ಓದಿದವಳ ಸೊಕ್ಕು — ನಿಮ್ಮ ಬಾಯಿಂದಲೇ ಹೇಳಿಸಬೇಕೆಂಬ ಹಟ. "ಕರೆಕ್ಟ್ ಸ್ಪೆಲ್ಲಿಂಗ್ ಬೇಕು ಗೌರಕ್ಕ, ಇಲ್ದಿದ್ರೆ ಅಲ್ಲಿ ಇಳಿಸ್ಕೊಳ್ಳಲ್ಲ."

"ನಿನ್ ಬಾಯಿಗೊಂದು ಬೀಗ ಇಲ್ಲ ನೋಡು," ಎಂದು ನಗುತ್ತ ರೇಷನ್ ಕಾರ್ಡ್ ತರಲು ಒಳಗೆ ಹೋದಿರಿ, ಬೆರಳಿಟ್ಟು ತೋರಿಸುವುದಕ್ಕೆ. ಅಷ್ಟರಲ್ಲಿ ನಾನು ಜಸ್ಟ್ ಟ್ರಯಲ್ ಎಂದು ನನ್ನ ಹೆಸರು ಹೊಡೆದೆ. ಹೋಯಿತು. ನೀವು ಕಾರ್ಡ್ ತರುವುದಕ್ಕೂ ಪಲ್ಪರ್ ಶುರುವಾಗುವುದಕ್ಕೂ ಸರಿಹೋಯಿತು. ಅದು ತಿರುಗಿದರೆ ಮನೆಯ ಬಲ್ಬೆಲ್ಲ ಮಂಕಾಗಿ ಕಂಪ್ಯೂಟರ್ ಆರುವುದು ನಮಗೇನು ಹೊಸದೇ?

ಸಂಜೆ ಮತ್ತೆ ಕೂರಬಹುದಿತ್ತು. ಮರೆತೆ. ಮರುದಿನ ನೀವು "ಹೋಯ್ತಾ?" ಎಂದಾಗ — "ಹೋಯ್ತು" ಅಂದೆ.

ಅದು ಸಾಲದೆಂದು, ಸಿಸ್ಟರ್‌ಗಳು ಕಲಿಸಿದ ಕರ್ಸಿವ್‌ನಲ್ಲಿ ಭಾವನವರ ಹೆಸರಿಗೆ ಮಂಗಳಕ್ಕೊಂದು ಟಿಕೆಟ್ ಬರೆದು, ಆಲ್ದೂರಿನಲ್ಲಿ ಲ್ಯಾಮಿನೇಟ್ ಮಾಡಿಸಿ ಕೊಟ್ಟೆ. ನೀವು ಅದನ್ನು ಅವರ ಫೋಟೋದ ಪಕ್ಕ ತೂಗುಹಾಕಿ ದಿನಾ ಹೂವಿಟ್ಟಿರಿ. ನಾನು ಚಿಕ್ಕಮಗಳೂರಿಗೆ ಬಂದ ಮೇಲೂ ನಿಮ್ಮ ಫೋನ್: "ಇವರು ಎಲ್ಲಿವರೆಗೆ ಹೋದ್ರು?" ಒಣಗಿದ ನದಿಯ ಹತ್ತಿರ ಕಲ್ಲು ಕೊರೆಯುತ್ತಿದ್ದಾರೆ ಎಂದರೆ, "ಇಷ್ಟು ದಿನಕ್ಕೆ ಅಷ್ಟೇನಾ? ಬಿಡು, ತೋಟ ಒಂದು ಸುತ್ತು ಬರಕ್ಕೇ ಇವರಿಗೆ ಮಧ್ಯಾಹ್ನ ಆಗ್ತಿತ್ತು." ಇಬ್ಬರೂ ನಗುತ್ತಿದ್ದೆವು. ನನ್ನ ನಗುವೂ ನಿಜವೇ ಆಗಿತ್ತು — ಈಗ ನಾಚಿಕೆಯಾಗುವುದು ಅದಕ್ಕೇ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಬಾಳೂರಿಗೆ ಬಂದು, ನಿಮ್ಮೆದುರು ಕೂತು ನಾನೇ ಓದುತ್ತೇನೆ. ಆಮೇಲೆ ಟಿಕೆಟ್ಟನ್ನು ಗೋಡೆಯಿಂದ ತೆಗೆಯುವುದೂ ಬಿಡುವುದೂ ನಿಮ್ಮಿಷ್ಟ.

ನಿಮ್ಮನ್ನು ಕಡೆಯ ಸಲ ನೋಡಿದ್ದು ಹೋದ ತಿಂಗಳು, ಆಲ್ದೂರಿನಲ್ಲಿ. ಬಸ್ಸಿನ ಕಿಟಕಿ ಪಕ್ಕ ಕೂತು, "ಇನ್ನೊಂದು ಗಾಡಿ ಹೋಗೋದಿದ್ರೆ ನಂದೂ ಕಳ್ಸೇ. ಇವರ ಹತ್ರಾನೇ ಇಡ್ಲಿ," ಅಂದಿರಿ. ಹ್ಞೂಂ ಅಂದೆ. ಡ್ರೈವರ್ ಹಾರ್ನ್ ಹೊಡೆದ. ನೀವು ಅಕ್ಕಪಕ್ಕ ನೋಡಿ, ಹೊರಗೆ ಬಗ್ಗಿ, ನನ್ನ ಕಿವಿಯಲ್ಲಿ ಭಾವನವರ ಹೆಸರನ್ನು — ಪೂರ್ತಿ, ಇನಿಶಿಯಲ್ ಸಮೇತ — ಹೇಳಿದಿರಿ.

"ಹತ್ರ ಇಡೋರಿಗೆ ಗೊತ್ತಾಗ್ಬೇಕಲ್ಲ," ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಿರಿ. ಬಸ್ ಹೊರಟಿತು.