ಹಸಿರು ಠಾಣೆಯ ಆಣೆ ಕಾಯಿಗಳು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನನ್ನನ್ನು ಚಿತ್ರದುರ್ಗದಲ್ಲಿ ಪೊಲೀಸರ ಅಂಕಿಅಂಶ ನೋಡಿಕೊಳ್ಳುವ ಕೆಲಸಕ್ಕೆ ನಿಯೋಜಿಸಿದರು. ನಾನು ಸಾಂಖ್ಯಿಕ ಇಲಾಖೆಯವಳು. ಅದುವರೆಗೆ ಮಳೆ, ಬೆಳೆ, ದನಕರುಗಳ ಗಣತಿಯಲ್ಲೇ ನನ್ನ ಕೂದಲು ನೆರೆತಿತ್ತು. ಖಾಕಿ ಕಂಡು ಹೆದರುವವಳಲ್ಲ. ಆದರೆ ಕೂಡಿಸಿದ ಲೆಕ್ಕ ತಾಳೆಯಾಗದಿದ್ದರೆ ಊಟ ಸೇರದು, ಅಂಥ ಸ್ವಭಾವ.

ಕೆಲಸ ಹೇಳುವುದಕ್ಕೆ ಸುಲಭ. ಪ್ರತಿ ಠಾಣೆಯಿಂದಲೂ ತಿಂಗಳಿಗೊಂದು ವರದಿ ಬರುತ್ತದೆ. ಎಫ್‌ಐಆರ್ ಆದ, ಅಂದರೆ ದೂರು ವಿಧಿವತ್ತಾಗಿ ದಾಖಲಾದ ಪ್ರಕರಣಗಳು ಮಾತ್ರ ಅದರಲ್ಲಿರುತ್ತವೆ. ಹಲ್ಲೆ ಪ್ರಕರಣಗಳು ಲಕ್ಷ ಜನರಿಗೆ ಎಷ್ಟು ಎಂದು ಲೆಕ್ಕ ಹಾಕಿದರೆ ಅದೇ ಹಲ್ಲೆಯ ದರ. ದೊಡ್ಡ ಊರು, ಸಣ್ಣ ಊರನ್ನು ಒಂದೇ ತಕ್ಕಡಿಯಲ್ಲಿ ತೂಗಲು ಈ ದರ ಬೇಕು. ದರ ಹೆಚ್ಚಿದ್ದ ಠಾಣೆಗೆ ಕೆಂಪು, ನಡುವಿನದಕ್ಕೆ ಹಳದಿ, ಕಡಿಮೆಯದಕ್ಕೆ ಹಸಿರು ಬಣ್ಣ. ನಮ್ಮ ನಕ್ಷೆ ಬೆಂಗಳೂರಿಗೆ ಹೋಗಿ ರಾಜ್ಯದ ನಕ್ಷೆಯೊಳಗೆ ಸೇರುತ್ತಿತ್ತು.

ನನ್ನ ಮೊದಲ ನಕ್ಷೆಯಲ್ಲಿ ಹೊಳಲ್ಕೆರೆ ಕಡೆಯ ಒಂದು ಠಾಣೆ ಕೆಂಡದಂತೆ ಕೆಂಪಗಿತ್ತು. ಹೊಸದುರ್ಗದ ಸುತ್ತಮುತ್ತ ಹಳದಿ. ಹಿರಿಯೂರಿನ ಆಚೆಗಿನ ಒಂದು ಠಾಣೆ ಮಾತ್ರ ಅಚ್ಚ ಹಸಿರು. ಆ ಠಾಣೆಯ ಹೆಸರು ಬರೆಯುವುದಿಲ್ಲ. ಸತತ ಏಳು ತಿಂಗಳು ಹಲ್ಲೆಯ ಕಾಲಂನಲ್ಲಿ ಶೂನ್ಯ. ಸಭೆಯಲ್ಲಿ ಕೆಂಪು ಠಾಣೆಯವರು ತಲೆ ತಗ್ಗಿಸಿದರು, ಹಸಿರಿನವರಿಗೆ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ನಕ್ಷೆ ಚೆನ್ನಾಗಿ ಬಂದಿದೆ ಎಂದು ಮೇಲಿನವರು ಹೊಗಳಿದ್ದರಿಂದ ಸ್ವಲ್ಪ ಜೋರಾಗಿಯೇ ತಟ್ಟಿದೆ ಎನ್ನಬೇಕು.

ಸಿಬ್ಬಂದಿ ಕೊರತೆಯ ಬಗ್ಗೆ ಅಭಿಪ್ರಾಯ ಕೇಳಿದಾಗ ನಾನೇ ಟಿಪ್ಪಣಿ ಬರೆದೆ. ಹಸಿರು ಠಾಣೆಯಲ್ಲಿ ಒಬ್ಬರು ಮಹಿಳಾ ಹೆಡ್ ಕಾನ್‌ಸ್ಟೇಬಲ್ ಇದ್ದಾರೆ, ಅಲ್ಲಿ ಅವರಿಗೆ ಕೆಲಸವಿದ್ದಂತಿಲ್ಲ, ಕೆಂಪು ಠಾಣೆಗೆ ಕಳಿಸಬಹುದು ಎಂದು. ವಾರದೊಳಗೆ ಆದೇಶವಾಯಿತು. ಮರುದಿನವೇ ಆಕೆಯ ಫೋನ್ ಬಂತು. ಹೆಸರು ಗಿರಿಜಮ್ಮ.

"ಮೇಡಂ, ನನ್ನ ಕಳಿಸ್ಬ್ಯಾಡ್ರಿ. ಇಲ್ಲಿ ಹೊಡಸ್ಕಂಡ ಹೆಣ್ಮಕ್ಳು ಬರ್ತಾನೇ ಇರ್ತಾರೆ. ಸಾಹೇಬ್ರು ಬುದ್ಧಿ ಹೇಳಿ ಕಳಿಸ್ತಾರೆ, ಕೇಸು ಬರೆಯಲ್ಲ. ರತ್ನಮ್ಮ ಅಂತ ಒಬ್ಳು ಐದಾಳೆ, ಎರಡು ಸಲ ಬಂದವಳೆ. ನಾನು ವಾರಕ್ಕೊಂದು ಸಲ ಅವರ ಹಟ್ಟಿಗೆ ಹೋಗಿ ಮಖ ತೋರ್ಸಿ ಬರ್ತೀನಿ. ಅಷ್ಟಕ್ಕೇ ಗಂಡ ಹೆದರ್ಕಂಡು ಸುಮ್ನೈದಾನೆ. ನಾನು ಹೋದ್ರೆ ಯಾರು ಹೋಗ್ತಾರೆ ಹೇಳ್ರಿ?"

"ವರದಿಯಲ್ಲಿ ಇಲ್ಲದ್ದನ್ನ ನಾನು ಹೇಗಮ್ಮ ನಂಬಲಿ?" ಎಂದೆ. ವರ್ಗಾವಣೆ ತಪ್ಪಿಸಿಕೊಳ್ಳಲು ಜನ ಹೇಳುವ ಕಥೆಗಳು ನನಗೆ ಗೊತ್ತಿಲ್ಲವೇ ಎಂಬ ಧಿಮಾಕು ನನ್ನದು. ಗಿರಿಜಮ್ಮ ಹೊಳಲ್ಕೆರೆ ಕಡೆಗೆ ಹೋದರು.

ನಾಲ್ಕು ತಿಂಗಳ ನಂತರ ಹಸಿರು ಠಾಣೆಯಿಂದ ಒಂದು ಕೊಲೆಯ ಮಾಹಿತಿ ಬಂತು. ಗಂಡ ಹೊಡೆದು ಹೆಂಡತಿ ಸಾವು. ಹೆಸರು ರತ್ನಮ್ಮ, ವಯಸ್ಸು ಇಪ್ಪತ್ತಾರು. ಗಿರಿಜಮ್ಮ ಫೋನಿನಲ್ಲಿ ಹೇಳಿದ್ದ ಅದೇ ಹೆಸರು. ಅಟೆಂಡರ್ ತಂದಿಟ್ಟ ಟೀ ಕೆನೆಗಟ್ಟಿತ್ತು.

ಮರುದಿನ ರಜೆ ಹಾಕಿ ಹಿರಿಯೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿದೆ. ಠಾಣೆಯಲ್ಲಿ ರೈಟರ್, ಅಂದರೆ ಕಡತ ಬರೆಯುವ ಪೇದೆ, ಮರ್ಯಾದೆಯಿಂದಲೇ ಕರೆದರು. "ಬರ್ರಿ ಮೇಡಂ, ಕುಂತ್ಕಳ್ರಿ." ಅವರ ಹಿಂದಿನ ಗೋಡೆಯಲ್ಲಿ ದೇವರ ಪಟ, ಪಟದ ಕೆಳಗೆ ಉದ್ದನೆಯ ಹಲಗೆ. ಹಲಗೆಯ ತುಂಬ ಜುಟ್ಟಿರುವ ತೆಂಗಿನಕಾಯಿಗಳು.

"ಇವೇನು, ಇಷ್ಟೊಂದು ಕಾಯಿ?"

"ಆಣೆ ಕಾಯಿ ಮೇಡಂ. ಗಂಡ ಹೆಂಡ್ತಿ ಜಗಳ ಬಂದ್ರೆ ಕೇಸು ಮಾಡಿ ಸಂಸಾರ ಯಾಕೆ ಒಡೀಬೇಕು? ಗಂಡನ ಕೈಲಿ ಕಾಯಿ ಮುಟ್ಟಿಸಿ, ಇನ್ನು ಹೊಡೆಯಲ್ಲ ಅಂತ ದೇವ್ರ ಮುಂದೆ ಆಣೆ ಮಾಡಿಸ್ತೀವಿ. ಕಾಯಿ ಇಲ್ಲೇ ಇರ್ತೈತೆ. ಅದನ್ನ ಒಡೆಯಂಗಿಲ್ಲ, ತಿನ್ನಂಗಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲ."

ಆತ ಕೆಟ್ಟ ಮನುಷ್ಯನಲ್ಲ. ಸಂಸಾರ ಉಳಿಸುತ್ತಿದ್ದೇನೆಂದೇ ನಂಬಿದ್ದ. ಬೆಳೆದ ಹೆಣ್ಣುಮಕ್ಕಳ ತಂದೆಯೂ ಹೌದು.

ಎದ್ದು ಹತ್ತಿರ ಹೋದೆ. ಗುರುತಿಗೆಂದು ಪ್ರತಿ ಕಾಯಿಗೂ ಚೀಟಿ ಕಟ್ಟಿ, ಅದರ ಮೇಲೆ ಗಂಡನ ಹೆಸರು, ಊರು, ತಿಂಗಳು ಬರೆದಿದ್ದರು. ನನ್ನ ಕಚೇರಿಗೆ ಶೂನ್ಯ ಕಳಿಸಿದವರು ಇಲ್ಲಿ ಎಷ್ಟು ಅಚ್ಚುಕಟ್ಟಾಗಿ ಲೆಕ್ಕ ಇಟ್ಟಿದ್ದರು! ಎಣಿಸಿದೆ. ಮೂವತ್ತೊಂದು ಕಾಯಿ. ಅವುಗಳಲ್ಲಿ ಮೂರು ಕಾಯಿಗಳ ಚೀಟಿಯಲ್ಲಿ, ಕೊಲೆಯ ಕಾಗದದಲ್ಲಿ ನಾನು ಓದಿದ್ದ ರತ್ನಮ್ಮನ ಗಂಡನ ಹೆಸರಿತ್ತು. ಎರಡು ಕಾಯಿಗಳ ನೀರು ಆರಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಡಗಡ ಎನ್ನುತ್ತಿತ್ತು. ಮೂರನೆಯದು ಇನ್ನೂ ಭಾರವಾಗಿತ್ತು. ಚೀಟಿ ನೋಡಿದೆ. ಗಿರಿಜಮ್ಮ ಅಲ್ಲಿಂದ ಹೋದ ಮರುತಿಂಗಳಿನದು. ಆಣೆ ಮಾಡಿಸಿದವರು ಇವರು, ಆಣೆಗೆ ಕಾವಲಿದ್ದವಳನ್ನು ಕಿತ್ತವಳು ನಾನು.

ರತ್ನಮ್ಮನ ತಾಯಿಯ ಮನೆ ಅಲ್ಲಿಂದ ಎರಡು ಮೈಲಿ. ಕುರಿ ಸಾಕುವವರ ಹಟ್ಟಿ. ಅಂಗಳದಲ್ಲಿ ಮುಳ್ಳುಬೇಲಿ ಕಟ್ಟಿದ ರೊಪ್ಪದೊಳಗೆ ಮರಿಗಳು ಅರಚುತ್ತಿದ್ದವು, ಮುದುಕಿ ಅವುಗಳ ಮುಂದೆ ಸೊಪ್ಪು ಹಿಡಿದು ಕೂತಿದ್ದಳು. ನಾನು ಯಾರು, ಯಾವ ಆಫೀಸಿನವಳು ಎಂದು ಹೇಳಿದೆ.

"ನಾನೇ ಕಳಿಸಿದ್ದು ಕಣವ್ವ," ಎಂದಳು. "ಠಾಣೆಗೋಗು, ಗೌರ್ಮೆಂಟು ಐತೆ ಅಂದೆ. ಮೂರು ಸಲಾನೂ ಹೋದ್ಲು. ಮೂರು ಸಲಾನೂ ಕಾಯಿ ನಾವೇ ಕೊಂಡೋಗಿ ಕೊಟ್ವಿ."

ಆಮೇಲೆ ನನ್ನ ಹೆಗಲಿನ ಚೀಲ, ಅದರಿಂದ ಇಣುಕುತ್ತಿದ್ದ ಪುಸ್ತಕ ನೋಡಿ ಕೇಳಿದಳು: "ಈಗ ಬರ್ಕಣಾಕೆ ಬಂದ್ರಾ ತಾಯಿ?"

ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತು ಅತ್ತೆ. ಮಗಳನ್ನು ಕಳೆದುಕೊಂಡವಳು ನನಗೇ ಚೊಂಬಿನಲ್ಲಿ ನೀರು ಕೊಟ್ಟಳು.

ಚಿತ್ರದುರ್ಗಕ್ಕೆ ಮರಳಿದವಳೇ ನಡೆದದ್ದನ್ನೆಲ್ಲ, ನನ್ನ ಟಿಪ್ಪಣಿಯ ತಪ್ಪನ್ನೂ ಸೇರಿಸಿ, ಬರೆದು ಮೇಲಿನವರ ಮುಂದಿಟ್ಟೆ. ಗಿರಿಜಮ್ಮ ಹಳೆಯ ಠಾಣೆಗೆ ವಾಪಸಾದರು. ಬುದ್ಧಿ ಹೇಳಿ ಕಳಿಸಿದ ದೂರುಗಳಿಗೂ ವರದಿಯಲ್ಲಿ ಒಂದು ಕಾಲಂ ಬಂತು, ಅವೂ ಹಲ್ಲೆಯ ನಕ್ಷೆಯ ಲೆಕ್ಕಕ್ಕೆ ಸೇರಿದವು. ಕೆಂಪು ಠಾಣೆಗೂ ಹೋಗಿ ನೋಡಿದೆ. ಅಲ್ಲಿ ಬಂದವರ ದೂರನ್ನೆಲ್ಲ ಬರೆದುಕೊಳ್ಳುತ್ತಿದ್ದರು, ಕೆಂಪಾಗಲು ಅದೇ ಮುಖ್ಯ ಕಾರಣ. ಅವರನ್ನು ನಾವು ಸಭೆಯಲ್ಲಿ ತಲೆ ತಗ್ಗಿಸುವಂತೆ ಮಾಡಿದ್ದೆವು.

ಮುಂದಿನ ಆರು ತಿಂಗಳಲ್ಲಿ ಹಸಿರು ಠಾಣೆ ಜಿಲ್ಲೆಯಲ್ಲೇ ಎಲ್ಲಕ್ಕಿಂತ ಕೆಂಪಾಯಿತು. "ಏನ್ ಮೇಡಂ, ಗಿರಿಜಮ್ಮ ಅಲ್ಲಿಗೆ ವಾಪಸ್ ಹೋದ್ಮೇಲೆ ಅಪರಾಧ ಜಾಸ್ತಿ ಆತಲ್ಲ?" ಎಂದು ಸಭೆಯಲ್ಲಿ ಒಬ್ಬರು ನಕ್ಕರು. "ಮೊದಲೂ ಇತ್ತು ಸರ್. ಹಲಗೆ ಮೇಲಿತ್ತು," ಎಂದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಬರೆದುಕೊಂಡದ್ದು ಮಾತ್ರ ನಕ್ಷೆಗೆ ಬರುತ್ತದೆ. ಈಗಲೂ ಪತ್ರಿಕೆಯಲ್ಲಿ ರಾಜ್ಯದ ಅಪರಾಧ ನಕ್ಷೆ ಕಂಡರೆ ಎಲ್ಲರೂ ಕೆಂಪು ಹುಡುಕುವಾಗ ನನ್ನ ಕಣ್ಣು ಹಸಿರಿನ ಕಡೆಗೇ ಹೋಗುತ್ತದೆ, ಅಲ್ಲಿ ಯಾವ ಹಲಗೆಯ ಮೇಲೆ ಏನಿದೆಯೋ ಎಂದು.

ರತ್ನಮ್ಮ ಸತ್ತ ತಿಂಗಳ ನಕ್ಷೆಯ ಪ್ರತಿ ನನ್ನ ಬಳಿ ಇದೆ. ಕೊಲೆಯನ್ನು ಕೊಲೆಯ ಕಾಲಂನಲ್ಲಿ ಎಣಿಸುತ್ತಾರೆ, ಹಲ್ಲೆಯ ಕಾಲಂಗೆ ಅದು ಬರುವುದಿಲ್ಲ. ಹಾಗಾಗಿ ಹಲ್ಲೆಯ ನಕ್ಷೆಯಲ್ಲಿ ಆ ತಿಂಗಳೂ ಅವಳ ಊರು ಹಸಿರಾಗಿಯೇ ಇದೆ. ನಾನು ಸಹಿ ಮಾಡಿದ ಲೆಕ್ಕದ ಪ್ರಕಾರ ರತ್ನಮ್ಮನ ಮೇಲೆ ಒಂದು ದಿನವೂ ಯಾರೂ ಕೈ ಮಾಡಿಲ್ಲ.